ಕಿರಿದಾದ ದಾರಿ, ತುಂಬಿದ ಕಣ: 4 ಜಿಬಿ ಕಾರ್ಡಿನಲ್ಲಿ ಸೈಬರ್‌ಪಂಕ್ 2077

ಹೊಸ ಮದರ್‌ಬೋರ್ಡ್ ಕೂರಿಸಿ, ವಿಂಡೋಸ್ ಎಬ್ಬಿಸಿ, ಗ್ರಾಫಿಕ್ಸ್ ಕಾರ್ಡಿನ ಜಾತಕ ತೋರಿಸುವ ಜಿಪಿಯು-ಝಡ್ ತೆರೆದು ‘ಬಸ್ ಇಂಟರ್‌ಫೇಸ್’ ಎಂಬ ಸಾಲಿನ ಮೇಲೆ ಕಣ್ಣಿಟ್ಟಾಗ ರಾತ್ರಿ ಹನ್ನೊಂದೂವರೆಯಾಗಿತ್ತು. ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿ ಯಾವ ತಲೆಮಾರಿನ ವೇಗದಲ್ಲಿದೆ ಎಂದು ಹೇಳುವ ಸಾಲು ಅದು. ಮೊದಲು ಅಲ್ಲಿ 1.1 ಎಂದು ಕಂಡಿತು. ಕೆಲಸವಿಲ್ಲದಾಗ ಕಾರ್ಡ್ ತನ್ನ ಸಂಪರ್ಕದ ವೇಗವನ್ನು ತಗ್ಗಿಸಿಕೊಂಡು ವಿದ್ಯುತ್ ಉಳಿಸುತ್ತದೆ ಎಂಬುದು ಗೊತ್ತಿದ್ದುದರಿಂದ ಗಾಬರಿಯಾಗಲಿಲ್ಲ. ಪಕ್ಕದಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿ ರೆಂಡರ್ ಪರೀಕ್ಷೆಯನ್ನು ಓಡಿಸಿದೆ. ಅಂಕಿ ಮೇಲೇರಿತು. ಏರಿ 3.0ಕ್ಕೆ ಬಂದು ನಿಂತುಬಿಟ್ಟಿತು. ಒಂಬತ್ತು ಸಾವಿರ ರೂಪಾಯಿ ಕೊಟ್ಟು, ಚೆನ್ನಾಗಿಯೇ ಇದ್ದ ಬಿ450 ಬೋರ್ಡನ್ನು ಕಿತ್ತು ಬಿ550 ಹಾಕಿದ್ದು ಆ ಜಾಗದಲ್ಲಿ 4.0 ಎಂಬ ಅಂಕಿಯನ್ನು ನೋಡಲೆಂದೇ. ಪರೀಕ್ಷೆಯನ್ನು ಇನ್ನೂ ನಾಲ್ಕು ಸಲ ಓಡಿಸಿದೆ. ದೇವರ ಮುಂದೆ ಹೂವಿನ ಪ್ರಸಾದ ಕೇಳುವವರು ಬೇಕಾದ ಉತ್ತರ ಬರುವವರೆಗೂ ಕೇಳುತ್ತಾರಲ್ಲ, ಹಾಗೆ. ಪ್ರಸಾದ ಆಗಲಿಲ್ಲ.

ತಪ್ಪು ಬೋರ್ಡಿನದಲ್ಲ. ಪೆಟ್ಟಿಗೆಯೊಳಗಿದ್ದ ಕೈಪಿಡಿಯನ್ನು ಆಗ ಬಿಡಿಸಿ ನೋಡಿದರೆ, ಸ್ಲಾಟುಗಳ ವಿವರದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, 5000 ಸರಣಿಯ ಜಿ ಪ್ರೊಸೆಸರ್ ಹಾಕಿದ್ದರೆ ಮೊದಲ ಸ್ಲಾಟು 3.0 ವೇಗದಲ್ಲಿಯೇ ಕೆಲಸ ಮಾಡುವುದೆಂದು ಸ್ಪಷ್ಟವಾಗಿ ಬರೆದಿತ್ತು. ನನ್ನದು ರೈಜನ್ 5 5600ಜಿ. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಕೈಗೆಟುಕದಂತಿದ್ದಾಗ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಜಾಣತನವೆಂದು ಕೊಂಡಿದ್ದೆ. ಆ ಚಿಪ್ಪಿಗೆ ಪಿಸಿಐ ಎಕ್ಸ್‌ಪ್ರೆಸ್ 4.0 ಬರುವುದೇ ಇಲ್ಲ. ಬೋರ್ಡ್ ಯಾವುದಾದರೂ ಹಾಕಿ. ಹೆಸರಿನಲ್ಲಿ ಜಿ ಇಲ್ಲದ 5600 ಆಗಿದ್ದರೆ ಬರುತ್ತಿತ್ತು. ಒಂದು ಅಕ್ಷರಕ್ಕೆ ಒಂಬತ್ತು ಸಾವಿರ.

ಬೆಂಗಳೂರಿನ ವ್ಯಾಪಾರಿ ಫೋನಿನಲ್ಲಿ “ಕಣ್ಣು ಮುಚ್ಕೊಂಡು ಹಾಕಿ ಸಾರ್, ಡಬಲ್ ಸ್ಪೀಡು” ಎಂದಿದ್ದರು. ಪ್ರೊಸೆಸರ್ ಯಾವುದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಣ್ಣು ಮುಚ್ಚಿಕೊಳ್ಳುವ ಭಾಗವನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದೆ. ವಾಪಸು ಕೊಡಲು ಹೋದರೆ “ಸೀಲ್ ಒಡೆದಿದೆಯಲ್ಲ ಸಾರ್” ಎಂಬ ಉತ್ತರ. ಕೊರಿಯರ್‌ನವರ ಕತೆ ಬೇರೆ. ಆಲ್ದೂರಿನಿಂದ ಒಳಗಿರುವ ನಮ್ಮ ತೋಟದವರೆಗೆ ಅವರು ಎಂದೂ ಬಂದವರಲ್ಲ, ಆದರೂ ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂಬ ಸಂದೇಶವನ್ನು ತಪ್ಪದೇ ಕಳಿಸುತ್ತಾರೆ. ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ದಿನ ಚಿಕ್ಕಮಗಳೂರಿಗೆ ಬೈಕಿನಲ್ಲಿ ಹೋಗಿ, ಬೋರ್ಡಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ, ನಾನು ನೆನೆದುಕೊಂಡು ತಂದೆ.

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದ ತೊಂದರೆ ಇದು. ನನ್ನ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ: 4 ಜಿಬಿ ಮೆಮೊರಿ, ಪ್ರೊಸೆಸರಿನೊಂದಿಗೆ ಮಾತಾಡಲು ನಾಲ್ಕೇ ಲೇನು. ಸೈಬರ್‌ಪಂಕ್ 2077ರ 2.0 ಆವೃತ್ತಿಗೆಂದು ಪ್ರಕಟವಾದ ಕನಿಷ್ಠ ಅಗತ್ಯದ ಪಟ್ಟಿಯಲ್ಲಿಯೇ 6 ಜಿಬಿ ವಿ-ರ್ಯಾಮ್, ಅಂದರೆ ಕಾರ್ಡಿನ ಸ್ವಂತ ಮೆಮೊರಿ, ಕೇಳಿದ್ದಾರೆ, ಆದ್ದರಿಂದ ನಾನು ಬಾಗಿಲಿನ ಹೊರಗೆ ನಿಂತೇ ಆಡುತ್ತಿರುವವನು, ಒಪ್ಪುತ್ತೇನೆ. ಆದರೆ ಆಟ ಓಡದೇ ಇರಲಿಲ್ಲ. ಆಟದೊಳಗಿನ ಬೆಂಚ್‌ಮಾರ್ಕ್ ಸೆಕೆಂಡಿಗೆ ಸರಾಸರಿ 50 ಫ್ರೇಮಿಗಿಂತ ಮೇಲೆಯೇ ತೋರಿಸುತ್ತಿತ್ತು. ಬೆಂಚ್‌ಮಾರ್ಕ್ ಮುಗಿಸಿ ನಿಜವಾದ ಆಟಕ್ಕೆ ಇಳಿದು, ಕಾರು ಹತ್ತಿ, ನಗರದ ನಡುವೆ ವೇಗವಾಗಿ ಎರಡು ತಿರುವು ದಾಟಿದ ಕೂಡಲೇ ಚಿತ್ರ ಗಕ್ಕೆಂದು ನಿಂತು, ಮುಂದಕ್ಕೆ ಜಿಗಿಯುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಅಪ್ಪ, “ಅದೇನೋ ನಿನ್ ಗಾಡಿ ಕುಂಟ್ತದಲ್ಲ?” ಎಂದು ಕೇಳಿದರು. ಅದಕ್ಕಿಂತ ನಿಖರವಾದ ರೋಗಲಕ್ಷಣವನ್ನು ಯಾರೂ ಹೇಳಲಾರರು.

ರಿವಾ ಟ್ಯೂನರ್ ಎಂಬ ತಂತ್ರಾಂಶದಲ್ಲಿ ಫ್ರೇಮ್ ಟೈಮ್ ರೇಖೆಯನ್ನು, ಅಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿದ ಸಮಯದ ಗೆರೆಯನ್ನು, ಪರದೆಯ ಮೂಲೆಗೆ ತಂದುಕೊಂಡು ನೋಡಿದರೆ, 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸಾಗುವ ಗೆರೆ, ಪ್ರತಿ ಮೂರು ನಾಲ್ಕು ಸೆಕೆಂಡಿಗೊಮ್ಮೆ 90ರವರೆಗೆ ಅಡಕೆ ಮರದಂತೆ ನೆಟ್ಟಗೆ ಎದ್ದು ಬೀಳುತ್ತಿತ್ತು. ಸರಾಸರಿ ಎಂಬ ಅಂಕಿ ಈ ಮರಗಳನ್ನೆಲ್ಲ ನುಂಗಿ ಹಾಕುತ್ತದೆ. ಇನ್ನೊಂದು ಕಿಟಕಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟಿದ್ದೆ. ಕಾರ್ಡಿನ ಸ್ವಂತ ಮೆಮೊರಿ 3.9 ಜಿಬಿಗೆ ಬಂದು ಚಪ್ಪಟೆಯಾಗಿ ನಿಂತಿತ್ತು. ಅದರ ಕೆಳಗಿನ ‘ಶೇರ್ಡ್’ ಮೆಮೊರಿಯ ಗೆರೆ ಮಾತ್ರ, ಕಾರು ಮುಂದೆ ಹೋದಂತೆಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿತ್ತು.

ಕಾಫಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಿ-ರ್ಯಾಮ್ ಎಂದರೆ ಮನೆಯ ಮುಂದಿನ ಕಣ. ಕುಯಿಲಿನ ಕಾಲದಲ್ಲಿ ಕಣ ತುಂಬಿದ ಮೇಲೂ ಹಣ್ಣು ಬರುತ್ತಲೇ ಇದ್ದರೆ, ಮಿಕ್ಕದ್ದನ್ನು ಪಕ್ಕದ ತೋಟದವರ ಕಣದಲ್ಲಿ ಹರವಬೇಕಾಗುತ್ತದೆ. ಅಲ್ಲಿ ಜಾಗಕ್ಕೆ ಬರವಿಲ್ಲ, ಅದು ನಮ್ಮ ಸಾಮಾನ್ಯ ರ್ಯಾಮ್, ಬರವಿರುವುದು ದಾರಿಗೆ. 3.0ರ ಒಂದು ಲೇನಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 1 ಜಿಬಿ ಸಾಗುತ್ತದೆ, ನಾಲ್ಕು ಲೇನಿಗೆ 4 ಜಿಬಿ. ಐವತ್ತು ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ ಸಿಗುವುದು 20 ಮಿಲಿಸೆಕೆಂಡು. ಅಷ್ಟರಲ್ಲಿ ಆ ದಾರಿಯಲ್ಲಿ ದಾಟಬಹುದಾದದ್ದು 80 ಎಂಬಿ. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿ, ಅಂದರೆ ಅದೇ 20 ಮಿಲಿಸೆಕೆಂಡಿನಲ್ಲಿ ಸುಮಾರು 2.9 ಜಿಬಿ. ಹೊಸ ಬೀದಿಗೆ ತಿರುಗಿದಾಗ ಪಕ್ಕದ ಕಣದಿಂದ 300 ಎಂಬಿ ತರಬೇಕಾಯಿತೆನ್ನಿ: ಹೊತ್ತು ತರುವುದಕ್ಕೇ 75 ಮಿಲಿಸೆಕೆಂಡು ಬೇಕು, ಚಿತ್ರ ಬರೆಯುವ ಕೆಲಸ ಬೇರೆ. ನನ್ನ ಪರದೆಯ ಮೂಲೆಯಲ್ಲಿ ಎದ್ದ ಅಡಕೆ ಮರಗಳ ಎತ್ತರ ಈ ಲೆಕ್ಕಕ್ಕೆ ತಾಳೆಯಾಗುತ್ತದೆ.

ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದ್ದರೆ ದುಃಖ ಕಡಿಮೆಯಾಗುತ್ತಿತ್ತು. ಬೋರ್ಡಿನ ಆಸೆ ಫಲಿಸಿ 4.0 ಬಂದಿದ್ದರೂ ಆ 75 ಅರ್ಧವಾಗಿ 37 ಆಗುತ್ತಿತ್ತು, ಅಷ್ಟೇ. ಕುಂಟು ಕಡಿಮೆಯಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಕಣದಿಂದಾಚೆ ಚೆಲ್ಲುವುದನ್ನು ತಡೆಯುವ ಬದಲು ದಾರಿ ಅಗಲ ಮಾಡಲು ಹೊರಟಿದ್ದೆ. ಈ ಗುಣಾಕಾರವನ್ನು ಹಣ ಕಳಿಸುವ ಮೊದಲು ಮಾಡಬಹುದಿತ್ತು. ಕಾಗದವೂ ಇತ್ತು, ಪೆನ್ನೂ ಇತ್ತು.

ಹಾಗಾದರೆ ಚೆಲ್ಲದಂತೆ ಮಾಡುವುದು ಹೇಗೆ? ಮೊದಲು ನಾನು ಎಲ್ಲರಂತೆ ಪ್ರೀಸೆಟ್ಟುಗಳನ್ನು (ಆಟದವರೇ ಕಟ್ಟಿಟ್ಟ ಗ್ರಾಫಿಕ್ಸ್ ಆಯ್ಕೆಗಳ ಗೊಂಚಲು) ಹಾಯಿಂದ ಮೀಡಿಯಮ್ಮಿಗೆ, ಮೀಡಿಯಮ್ಮಿನಿಂದ ಲೋಗೆ ಇಳಿಸಿ ನೋಡಿದ್ದೆ. ಸರಾಸರಿ ಏರಿತು, ಕುಂಟು ಹಾಗೆಯೇ ಉಳಿಯಿತು. ಅದೇಕೆಂದು ತಿಳಿಯಲು ಎರಡು ವಾರ ಬೇಕಾಯಿತು: ಈ ಆಟದಲ್ಲಿ ಟೆಕ್ಸ್‌ಚರ್ (ಗೋಡೆ, ರಸ್ತೆಗಳ ಮೈಗೆ ಅಂಟಿಸುವ ಚಿತ್ರ) ಗುಣಮಟ್ಟದ ಆಯ್ಕೆ ಮುಖ್ಯ ಮೆನುವಿನಲ್ಲಿ ಮಾತ್ರ ಬದಲಾಗುತ್ತದೆ. ಆಟದ ನಡುವೆ ಮೆನು ತೆರೆದು ಎಷ್ಟು ಪ್ರೀಸೆಟ್ ಬದಲಿಸಿದರೂ ಆ ಒಂದು ಸಾಲು ಬೂದು ಬಣ್ಣಕ್ಕೆ ತಿರುಗಿ, ಹಾಯಿಯಲ್ಲಿಯೇ ತೆಪ್ಪಗೆ ಕುಳಿತಿರುತ್ತದೆ. ನಾನು ನೆರಳು, ಮಂಜು, ಮೋಡ ಎಲ್ಲವನ್ನೂ ಬಲಿಕೊಟ್ಟಿದ್ದೆ. ಕಣ ತುಂಬಿದ್ದವನು ಮಾತ್ರ ಮೂಲೆಯಲ್ಲಿ ಹಾಯಾಗಿದ್ದ.

ಮುಖ್ಯ ಮೆನುವಿಗೆ ಹೋಗಿ ಟೆಕ್ಸ್‌ಚರನ್ನು ಮೀಡಿಯಮ್ಮಿಗೆ ಇಳಿಸಿ, ಉಳಿದುದನ್ನೆಲ್ಲ ಹಳೆಯ ಜಾಗಕ್ಕೆ ಏರಿಸಿ, ಅದೇ ಎರಡು ತಿರುವನ್ನು ಅದೇ ಕಾರಿನಲ್ಲಿ ದಾಟಿದೆ. ‘ಶೇರ್ಡ್’ ಗೆರೆ ಅರ್ಧ ದಾರಿಯಲ್ಲೇ ನಿಂತಿತು. ಮರಗಳು ಪೂರ್ತಿ ಮಾಯವಾಗಲಿಲ್ಲ, ಆದರೆ ಕಾಫಿ ಗಿಡದ ಎತ್ತರಕ್ಕೆ ಇಳಿದವು. ಗೋಡೆಯ ಭಿತ್ತಿಪತ್ರಗಳ ಅಕ್ಷರ ಹತ್ತಿರದಿಂದ ತುಸು ಮಸುಕು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವವನು ಭಿತ್ತಿಪತ್ರ ಓದುವುದಿಲ್ಲ.

ಮಿಕ್ಕ ಚೆಲ್ಲಾಟಕ್ಕೆ ಕಾರಣ ಆಟವಲ್ಲ, ಬ್ರೌಸರ್. ಹಿಂದೆ ತೆರೆದಿಟ್ಟ ಬ್ರೌಸರೂ ಇತರ ಸಣ್ಣಪುಟ್ಟ ಕಾರ್ಯಕ್ರಮಗಳೂ ಸೇರಿ ಕಾರ್ಡಿನ ಮೆಮೊರಿಯಲ್ಲಿ ಕೆಲವು ನೂರು ಎಂಬಿ ಆಕ್ರಮಿಸಿದ್ದವು. ಇಲ್ಲಿ ನನ್ನನ್ನು ಮುಳುಗಿಸಿದ ಆ ಜಿ ಅಕ್ಷರವೇ ಕೈಹಿಡಿಯಿತು. ಬಯೋಸ್‌ನಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಬಲವಂತವಾಗಿ ಎಬ್ಬಿಸಿ, ವಿಂಡೋಸಿನ ಗ್ರಾಫಿಕ್ಸ್ ಆಯ್ಕೆಯಲ್ಲಿ ಬ್ರೌಸರ್ ಮೊದಲಾದವನ್ನು ‘ಪವರ್ ಸೇವಿಂಗ್’ ಕಡೆಗೆ ದೂಡಿದೆ. ಅವು ತಮ್ಮ ಮೂಟೆ ಕಟ್ಟಿಕೊಂಡು ಆ ಮನೆಗೆ ಹೋದವು. ಇದರ ಉತ್ಸಾಹದಲ್ಲಿ ಮಾನಿಟರಿನ ಕೇಬಲನ್ನೂ ಬೋರ್ಡಿಗೇ ಚುಚ್ಚಿ ಡೆಸ್ಕ್‌ಟಾಪನ್ನೇ ಅತ್ತ ಕಳಿಸಲು ನೋಡಿದೆ. ಅದು ಶುದ್ಧ ದಡ್ಡತನ: ಆಗ ಕಾರ್ಡ್ ಬರೆದ ಪ್ರತಿಯೊಂದು ಫ್ರೇಮೂ ಅದೇ ಇಕ್ಕಟ್ಟಾದ ದಾರಿಯಲ್ಲಿ ವಾಪಸು ನಡೆದು ಬರಬೇಕು. ಹತ್ತು ನಿಮಿಷದಲ್ಲಿ ಕೇಬಲ್ ಮೊದಲಿನ ಜಾಗಕ್ಕೆ ಬಂತು.

ಇನ್ನುಳಿದ ಆಯ್ಕೆಗಳನ್ನು ಹೆಸರಿನಿಂದಲ್ಲ, ಅವು ಯಾರ ಜೇಬಿಗೆ ಕೈಹಾಕುತ್ತವೆ ಎಂಬುದರಿಂದ ವಿಂಗಡಿಸಿಕೊಂಡೆ. ಜನಸಂದಣಿ ಪ್ರೊಸೆಸರಿನ ಖರ್ಚು. 5600ಜಿಯಲ್ಲಿ ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗಿನ ವೇಗದ ಮೆಮೊರಿ, 16 ಎಂಬಿ, ಜಿ ಇಲ್ಲದ ಅಣ್ಣನ ಅರ್ಧ, ಆದ್ದರಿಂದ ಅದು ಮೀಡಿಯಮ್ಮಿನಲ್ಲಿ. ನೆರಳಿನ ರೆಸಲ್ಯೂಶನ್ ಕಣದಲ್ಲೂ ಜಾಗ ಕೇಳುತ್ತದೆ, ಅದೂ ಮೀಡಿಯಂ. ರೇ ಟ್ರೇಸಿಂಗ್ ಕಾರ್ಡಿನ ಪೆಟ್ಟಿಗೆಯ ಮೇಲೆ ಬರೆದಿರುವುದರಿಂದ ಒಮ್ಮೆ ಹಚ್ಚಿ ನೋಡಿದೆ, ಸ್ಲೈಡ್ ಶೋ ಚೆನ್ನಾಗಿತ್ತು. ವಾಲ್ಯುಮೆಟ್ರಿಕ್ ಮಂಜು ಲೋದಲ್ಲಿದೆ. ಕಿಟಕಿ ತೆಗೆದರೆ ಅಲ್ಟ್ರಾ ಗುಣಮಟ್ಟದ್ದು ಪುಕ್ಕಟೆ ಒಳಗೆ ಬರುತ್ತದೆ.

ನಾನು ಜಗ್ಗದೇ ಉಳಿಸಿಕೊಂಡದ್ದು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಒಂದನ್ನೇ. ಅದನ್ನು ಆಫ್ ಮಾಡಿದರೆ ಐದಾರು ಫ್ರೇಮ್ ಸಿಗುತ್ತದೆ ನಿಜ, ಆದರೆ ಮಳೆ ಬಂದ ರಾತ್ರಿ ರಸ್ತೆ ಒದ್ದೆ ಡಾಂಬರಾಗದೆ ಎಣ್ಣೆ ಬಳಿದ ಕಡಪ ಕಲ್ಲಿನಂತೆ ಕಾಣುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆಯನ್ನೇ ನೋಡುವವನಿಗೆ ಇದನ್ನು ಸಹಿಸುವುದು ಕಷ್ಟ. ಸೈಕೋ ಎಂಬ ಮೇಲಿನ ಹಂತಕ್ಕೆ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ. ಲೋದಲ್ಲಿ ಪ್ರತಿಬಿಂಬ ರವೆ ಚೆಲ್ಲಿದಂತೆ ಕಾಣುತ್ತದೆ, ಮೀಡಿಯಮ್ಮಿನಲ್ಲಿ ಕಣ್ಣಿಗೆ ಒಪ್ಪುತ್ತದೆ. ಅದರ ಸಾಲ ತೀರಿಸಲು ಎಫ್‌ಎಸ್‌ಆರ್ ಕ್ವಾಲಿಟಿ ಹಾಕಿದೆ. ಆಗ ಚಿತ್ರ ಒಳಗೆ 1280×720ರಲ್ಲಿ ತಯಾರಾಗಿ 1080ಕ್ಕೆ ಹಿಗ್ಗುತ್ತದೆ. ದೂರದ ವಿದ್ಯುತ್ ತಂತಿಗಳು ಸ್ವಲ್ಪ ಮಿನುಗುತ್ತವೆ, ಅದನ್ನು ನೋಡದಿರಲು ಕಲಿತಿದ್ದೇನೆ.

ಕೊನೆಯದಾಗಿ ರಿವಾ ಟ್ಯೂನರಿನಲ್ಲಿ 50 ಫ್ರೇಮಿಗೆ ಬೇಲಿ ಹಾಕಿದೆ. ಕಾರ್ಡಿನ ಫ್ರೇಮಿಗೆ ಪರದೆಯ ಹೆಜ್ಜೆ ಹೊಂದಿಸುವ ಫ್ರೀಸಿಂಕ್ ನನ್ನ ಮಾನಿಟರಿನಲ್ಲಿ 48ರಿಂದ 75ರವರೆಗೆ. 50 ಅದರ ಒಳಗೇ ಉಳಿಯುತ್ತದೆ. ಒಮ್ಮೆ 65, ಒಮ್ಮೆ 44 ಎಂದು ಓಲಾಡುವ ಆಟಕ್ಕಿಂತ 20 ಮಿಲಿಸೆಕೆಂಡಿನಲ್ಲಿ ಸಮನಾಗಿ ನಡೆಯುವ ಆಟವೇ ಕಣ್ಣಿಗೆ ಹಿತ. ಯುಪಿಎಸ್‌ಗೂ ಹಿತ: ನಮ್ಮ 600 ವಿಎ ಡಬ್ಬಿ, ಆಟದ ನಡುವೆ ಕರೆಂಟ್ ಹೋದಾಗ, ಮೊದಲು ಕಿರುಚಿ ಕೈಬಿಡುತ್ತಿತ್ತು, ಈಗ ಕಿರುಚುತ್ತಲೇ ಸೇವ್ ಮಾಡುವಷ್ಟು ಸಮಯ ಕೊಡುತ್ತದೆ.

ಈ ಒಂಬತ್ತು ಸಾವಿರ ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ಅದು ಮಳೆಮಾಪಕದ ದುಡ್ಡು. ಅಪ್ಪ ದಿನವೂ ಬೆಳಿಗ್ಗೆ ಅಳತೆಯ ಗಾಜು ಹಿಡಿದು ‘ಎರಡು ಇಂಚು ಹತ್ತು ಸೆಂಟು’ ಎಂದು ಡೈರಿಯಲ್ಲಿ ಬರೆಯುವ ಕೆಲಸವನ್ನು, ಪ್ರತಿ 0.2 ಮಿಲಿಮೀಟರಿಗೆ ಒಮ್ಮೆ ಮಗುಚುವ ಬಟ್ಟಲೂ ಎಣಿಕೆ ಬರೆದಿಡುವ ಒಂದು ಪುಟ್ಟ ಇಎಸ್‌ಪಿ32 ಬೋರ್ಡೂ ಮಾಡುವಂತೆ ಕಟ್ಟಬೇಕೆಂದಿದ್ದೆ. ಮಗುಚುವ ಬಟ್ಟಲನ್ನು ತರಿಸಲು ಹಣ ಬೇಕು, ಹಾಗಾಗಿ ಹಳೆಯ ಬಿ450 ಬೋರ್ಡನ್ನು ಮಾರಾಟಕ್ಕಿಟ್ಟಿದ್ದೇನೆ. ಕೊಳ್ಳಲು ಕೇಳಿದ ಮೊದಲನೆಯವರು ಅದನ್ನು ಬಿ550 ಎಂದುಕೊಂಡಿದ್ದರು. ಅವರಿಗೆ ಪ್ರೊಸೆಸರ್ ಯಾವುದೆಂದು ಕೇಳಿದೆ, 5600ಜಿ ಎಂದರು. ಒಂದು ಗಂಟೆ ಮಾತಾಡಿದೆವು, ಕೊನೆಗೆ ಏನನ್ನೂ ಕೊಳ್ಳಬೇಡಿರೆಂದು ನಾನೇ ಹೇಳಿ ಫೋನಿಟ್ಟೆ. ಬಿ450 ಇನ್ನೂ ಕಪಾಟಿನ ಮೇಲಿದೆ.

ಬಾಕಿ ಉಳಿದಿರುವುದು ಆಟದ ವಿಸ್ತರಣೆಯಲ್ಲಿ ಬರುವ ಡಾಗ್‌ಟೌನ್ ಪ್ರದೇಶ. ಅದರ ಹೆಬ್ಬಾಗಿಲು ದಾಟುವಾಗ ಈಗಲೂ ಮೂರು ಅಡಕೆ ಮರ ಏಳುತ್ತವೆ, ಪ್ರತಿ ಸಲವೂ ಮೂರೇ. ನೆರಳಿನ ರೆಸಲ್ಯೂಶನ್ನನ್ನು ಲೋಗೆ ಇಳಿಸಿ ನೋಡಬೇಕು. ನಿನ್ನೆ ನೋಡಲು ಕೂತಿದ್ದೆ. ಲೈನಿನ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದು ಕರೆಂಟ್ ಹೋದದ್ದು ಇನ್ನೂ ಬಂದಿಲ್ಲ.