ಗಾಡಿಗೆ ಅಂಟಿಸಿದ ಕೈಪಟ್ಟಿಗಳು

ಆಸ್ಪತ್ರೆಗೆ ಹೊಸ ತಂತ್ರಾಂಶವೋ ಯಂತ್ರವೋ ಬಂದಾಗ ಅದನ್ನು ಸಿಬ್ಬಂದಿಗೆ ರೂಢಿ ಮಾಡಿಸುವುದು ನನ್ನ ಕೆಲಸ. ಇಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು, "ನರ್ಸ್‌ಗಳಿಗೆ ಹೊಸದೆಂದರೆ ಆಗುವುದಿಲ್ಲ" ಎಂಬುದು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ರಾತ್ರಿ ಪಾಳಿಯ ಹೊತ್ತಿನಲ್ಲಿ ವಾರ್ಡಿನ ಕಡೆ ತಲೆ ಹಾಕಿದವರಲ್ಲ.

ಬಾರ್‌ಕೋಡ್ ಸ್ಕ್ಯಾನರ್ ವಿಷಯವನ್ನೇ ನೋಡಿ. ಮೊದಲು ರೋಗಿಯ ಕೈಗೆ ಕಟ್ಟಿರುವ ಗುರುತಿನ ಪಟ್ಟಿಯ ಕೋಡನ್ನು, ಆಮೇಲೆ ಔಷಧದ ಪೊಟ್ಟಣದ ಕೋಡನ್ನು ಸ್ಕ್ಯಾನ್ ಮಾಡಬೇಕು. ಎರಡೂ ವೈದ್ಯರು ಬರೆದದ್ದಕ್ಕೆ ತಾಳೆಯಾದರೆ ಮಾತ್ರ ಔಷಧ ಕೊಡಬೇಕು. ಇದರ ಉಪಯೋಗದ ಬಗ್ಗೆ ಅನುಮಾನವಿಲ್ಲ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊತ್ತು ತಪ್ಪಿ ಕೊಟ್ಟ ಪ್ರಕರಣಗಳನ್ನು ಬಿಟ್ಟರೆ, ಔಷಧ ಕೊಡುವಾಗಿನ ತಪ್ಪುಗಳು ಶೇಕಡಾ 41ರಷ್ಟು ಇಳಿದಿದ್ದವು.

ನಾನು ಕೆಲಸ ಮಾಡಿದ ಒಂದು ವಾರ್ಡಿನ ವರದಿಯಲ್ಲಿಯೂ ಎಲ್ಲವೂ ಸ್ಕ್ಯಾನ್ ಆಗಿತ್ತು. ಹೋಗಿ ನಿಂತು ನೋಡಿದರೆ ರೋಗಿಗಳ ಕೈಪಟ್ಟಿಯ ಇನ್ನೊಂದೊಂದು ಪ್ರತಿ ಔಷಧದ ಗಾಡಿಯ ಅಂಚಿಗೆ ಸಾಲಾಗಿ ಅಂಟಿಕೊಂಡಿತ್ತು! ಅಲ್ಲೇ ಟಕಟಕನೆ ಸ್ಕ್ಯಾನ್ ಮಾಡಿ ಮುಂದೆ ಹೋಗುತ್ತಿದ್ದರು. ತಪ್ಪು ರೋಗಿಗೆ ತಪ್ಪು ಮಾತ್ರೆ ಹೋಗದಂತೆ ತಡೆಯಬೇಕಾದ ಹಂತವೇ ಹಾರಿಹೋಗಿತ್ತು. ಏಕೆಂದು ಕೇಳಿದ್ದಕ್ಕೆ ಹಿರಿಯ ನರ್ಸ್ ಒಬ್ಬರು, "ಕೈ ತೊಳೆಸಿದ ಮೇಲೆ ಈ ಪಟ್ಟಿಯ ಗೆರೆಗಳು ಅಳಿಸಿಹೋಗುತ್ತವೆ. ನಿದ್ದೆಯಲ್ಲಿರುವವರನ್ನು ಮೂರು ಮೂರು ಸಲ ಎಬ್ಬಿಸಿ ಸ್ಕ್ಯಾನ್ ಮಾಡಲೇ, ಹೇಳಿ" ಎಂದರು. ಅರ್ಧ ಮಾತ್ರೆಯದು ಬೇರೆ ತಾಪತ್ರಯ. ಪೊಟ್ಟಣದ ಕೋಡ್ ಇಡೀ ಮಾತ್ರೆಯದಾದ್ದರಿಂದ ಯಂತ್ರ ಪ್ರತಿ ಬಾರಿಯೂ ತಕರಾರು ತೆಗೆಯುತ್ತಿತ್ತು.

ಇದು ಆ ವಾರ್ಡಿನವರ ಸೋಮಾರಿತನವಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಇದನ್ನೇ ಪರಿಶೀಲಿಸಿದ 2008ರ ಅಧ್ಯಯನವೊಂದು ಇಂಥ 15 ಬಗೆಯ ಅಡ್ಡದಾರಿಗಳನ್ನೂ ಅವುಗಳ ಹಿಂದಿನ 31 ಬಗೆಯ ಕಾರಣಗಳನ್ನೂ ಪಟ್ಟಿ ಮಾಡಿತ್ತು. ಓದಲಾಗದ ಬಾರ್‌ಕೋಡ್, ನೆನೆದುಹೋದ ಕೈಪಟ್ಟಿ, ಕೈಕೊಡುವ ಬ್ಯಾಟರಿ, ಎಲ್ಲವೂ ಅದರಲ್ಲಿವೆ.

ಹಾಗಾಗಿ ಮತ್ತೊಂದು ತರಬೇತಿ ಇಡಿ ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ನೀರಿಗೆ ಜಗ್ಗದ ಪಟ್ಟಿ ತರಿಸಿದೆವು, ಗಾಡಿಯಲ್ಲೇ ಹೆಚ್ಚುವರಿ ಬ್ಯಾಟರಿ ಇಟ್ಟೆವು. ಅರ್ಧ ಮಾತ್ರೆಗೆ ಬೇರೆ ಲೇಬಲ್ ಹಾಕಿಕೊಡುವುದು ಔಷಧ ವಿಭಾಗದ ಪಾಲಿಗೆ ಬಂತು. ಅವರನ್ನು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು, ಆ ಕಥೆ ಬೇಡ. ಗಾಡಿಯ ಮೇಲಿನ ಪ್ರತಿಗಳನ್ನು ಕೊನೆಗೆ ನರ್ಸ್‌ಗಳೇ ಕಿತ್ತರು.

ಕಲಿಸುವ ಕ್ರಮವನ್ನೂ ಬದಲಿಸಿದೆ. ಸಭಾಂಗಣದ ಪಾಠ ನಿಂತಿತು. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಸುಳ್ಳು ರೋಗಿಗಳ ಹೆಸರು ತುಂಬಿದ ಅಭ್ಯಾಸದ ಯಂತ್ರವೊಂದನ್ನು ವಿಶ್ರಾಂತಿ ಕೋಣೆಯಲ್ಲಿ ಬಿಟ್ಟಿರುತ್ತೇನೆ. ಏನು ಒತ್ತಿದರೂ ಯಾರಿಗೂ ತೊಂದರೆಯಿಲ್ಲ ಎಂದಾಗ ಕೈಗಳು ತಾವಾಗಿ ಮುಂದೆ ಬರುತ್ತವೆ. ಕಲಿಯುವವರ ಜೊತೆಗೆ ನಿಲ್ಲಲು ಮೊಬೈಲ್ ಚುರುಕಾಗಿ ಬಳಸುವ ಕಿರಿಯರನ್ನು ಹುಡುಕುವುದಿಲ್ಲ. ಕಷ್ಟ ಬಂದಾಗ ವಾರ್ಡಿನವರೆಲ್ಲ ಯಾರ ಬಳಿ ಹೋಗುತ್ತಾರೋ ಅವರನ್ನು ಕೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಅವರೇ ಹೆಚ್ಚು ಗೊಣಗುವವರೂ ಆಗಿರುತ್ತಾರೆ, ಮತ್ತು ಅವರ ಮೊದಲ ಪ್ರಶ್ನೆ ನೆಟ್‌ವರ್ಕ್ ಹೋದರೆ ಏನು ಮಾಡಬೇಕು ಎಂಬುದು. ಅದಕ್ಕೆ ಉತ್ತರವಾಗಿ ಕಾಗದದ ನಮೂನೆಗಳನ್ನು ಮೊದಲ ದಿನವೇ ಅವರ ಮೇಜಿನ ಖಾನೆಯಲ್ಲಿ ಇಟ್ಟು, ತುಂಬುವುದನ್ನೂ ತೋರಿಸಿರುತ್ತೇನೆ.