ಮಳೆ ದಾಖಲೆಯ ವರ್ಕ್‌ಫ್ಲೋ: ಷರತ್ತಿನ ಕವಲುಗಳ ಹಂತ

ನಮ್ಮ ಸುತ್ತಲಿನ ಅಡಿಕೆ ತೋಟದವರು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡುವ ಮಳೆಯ ಲೆಕ್ಕವನ್ನು ಒಂದೇ ಕೋಷ್ಟಕಕ್ಕೆ ತರುವ ಕೆಲಸ ಈಗ ಅದರ ಕಠಿಣ ಘಟ್ಟವನ್ನು ದಾಟಿದೆ. ಇದಕ್ಕೆ ಬಳಸುತ್ತಿರುವುದು ಜರ್ಮನಿಯ ಕಾನ್‌ಸ್ಟಾನ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2006ರಲ್ಲಿ ಮೊದಲು ಬಿಡುಗಡೆಯಾದ ನೈಮ್ (KNIME) ಎಂಬ ಮುಕ್ತ ತಂತ್ರಾಂಶ. ಇದರಲ್ಲಿ ಒಂದೊಂದು ಕೆಲಸ ಮಾಡುವ ನೋಡ್ ಎಂಬ ಘಟಕಗಳನ್ನು ಸಾಲಾಗಿ ಜೋಡಿಸುತ್ತೇವೆ, ಆ ಜೋಡಣೆಯೇ ವರ್ಕ್‌ಫ್ಲೋ.

ಬರುವ ಕಡತಗಳು ಮೂರು ಬಗೆಯವು. ಕೆಲವರು ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಹಳೆಯ ಅಳತೆಗೋಲು ಇರುವವರು ಇಂಚಿನಲ್ಲಿ ಬರೆಯುತ್ತಾರೆ, ಇನ್ನು ಕೆಲವು ಕಡತಗಳಲ್ಲಿ ತಲೆಬರಹದ ಸಾಲನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಈ ಕೊನೆಯ ಬಗೆಯ ಬಗ್ಗೆ ನಾನು ಹೆಚ್ಚು ಎಚ್ಚರ ವಹಿಸಿದ್ದೇನೆ. ಅಳತೆ ಬಾರದ ದಿನ ಬೇರೆ, ಮಳೆ ಬಾರದ ದಿನ ಬೇರೆ, ಮೊದಲನೆಯದನ್ನು ಸೊನ್ನೆ ಎಂದು ಬರೆದರೆ ತಿಂಗಳ ಸರಾಸರಿಯೇ ಸುಳ್ಳಾಗುತ್ತದೆ. ಆದ್ದರಿಂದ ಎಂಪ್ಟಿ ಟೇಬಲ್ ಸ್ವಿಚ್ ಎಂಬ ನೋಡ್ ಖಾಲಿ ಕೋಷ್ಟಕವನ್ನು ಕೆಳಗಿನ ಕವಲಿಗೆ ಕಳಿಸುತ್ತದೆ, ಅಲ್ಲಿ ಮೌಲ್ಯವಿಲ್ಲದ ಒಂದು ಸಾಲು ಸೇರುತ್ತದೆ.

ಮೇಲಿನ ಕವಲಿನಲ್ಲಿ ಇಫ್ ಸ್ವಿಚ್ ಇದೆ. ಕಡತದ ಹೆಸರು ಫ್ಲೋ ವೇರಿಯಬಲ್ ಆಗಿ, ಅಂದರೆ ನೋಡ್‌ನಿಂದ ನೋಡ್‌ಗೆ ಸಾಗುವ ಒಂದು ಮೌಲ್ಯವಾಗಿ ಬರುತ್ತದೆ. ರೂಲ್ ಎಂಜಿನ್ ವೇರಿಯಬಲ್ ನೋಡ್ ಆ ಹೆಸರಿನಲ್ಲಿ ಇಂಚಿನ ಗುರುತು ಇದ್ದರೆ ‘ಬಾಟಮ್’ (ಕೆಳಗೆ), ಇಲ್ಲದಿದ್ದರೆ ‘ಟಾಪ್’ (ಮೇಲೆ) ಎಂಬ ಪದವನ್ನು ಕೊಡುತ್ತದೆ, ಸ್ವಿಚ್ ಆ ಪದದಂತೆ ದಾರಿ ತೆರೆಯುತ್ತದೆ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ, ಮೊದಲು ಹೊಂದಿದ್ದನ್ನೇ ಅದು ಒಪ್ಪುವುದರಿಂದ ಸಾಮಾನ್ಯ ನಿಯಮ ಕೊನೆಯಲ್ಲಿರಬೇಕು. ಇಂಚಿನ ಕವಲಿನಲ್ಲಿ ಮ್ಯಾಥ್ ಫಾರ್ಮುಲಾ 25.4ರಿಂದ ಗುಣಿಸುತ್ತದೆ.

ಇಫ್ ಸ್ವಿಚ್ ಸಾಲುಗಳನ್ನು ಬೇರ್ಪಡಿಸುವುದಿಲ್ಲ, ಇಡೀ ಕೋಷ್ಟಕ ಹೋಗಬೇಕಾದ ದಾರಿಯನ್ನು ಆರಿಸುತ್ತದೆ ಎಂಬುದು ಈ ಹಂತದ ತಿರುಳು. ಒಂದೇ ಕಡತದಲ್ಲಿ ಎರಡೂ ಮಾನಗಳು ಬೆರೆತಿದ್ದರೆ ಅದಕ್ಕೆ ಬೇಕಾದದ್ದು ಸಾಲುಗಳನ್ನು ಬೇರ್ಪಡಿಸುವ ರೋ ಸ್ಪ್ಲಿಟರ್. ಆರಿಸದ ದಾರಿಯ ನೋಡ್‌ಗಳು ಕೆಲಸ ಮಾಡುವುದೇ ಇಲ್ಲ. ಅವುಗಳ ಪೋರ್ಟಿನ (ಕೋಷ್ಟಕ ಒಳಬಂದು ಹೊರಹೋಗುವ ಬಾಯಿ) ಮೇಲೆ ಕೆಂಪು ಅಡ್ಡಗುರುತು ಮೂಡುತ್ತದೆ. ಈ ನಿಷ್ಕ್ರಿಯತೆ ಮುಂದಕ್ಕೂ ಹರಿಯುತ್ತದೆ: ಸಾಮಾನ್ಯ ನೋಡ್‌ನ ಒಂದು ಒಳದಾರಿ ನಿಷ್ಕ್ರಿಯವಾದರೂ ಆ ನೋಡ್ ಪೂರ್ತಿ ನಿಷ್ಕ್ರಿಯವಾಗುತ್ತದೆ. ಹಾಗಾಗಿ ಕವಲುಗಳನ್ನು ಎರಡು ಕೋಷ್ಟಕಗಳನ್ನು ಜೋಡಿಸುವ ಜಾಯಿನರ್‌ಗೆ ತಂದು ನಿಲ್ಲಿಸುವಂತಿಲ್ಲ. ತೆರೆದ ಪ್ರತಿ ಕವಲನ್ನೂ ಎಂಡ್ ಇಫ್‌ನಿಂದ ಮುಚ್ಚಿದ್ದೇನೆ: ಒಳಗಿನ ಜೋಡಿ ಒಳಗೆ, ಹೊರಗಿನ ಜೋಡಿ ಹೊರಗೆ. ಅದು ಸಕ್ರಿಯ ದಾರಿಯ ಕೋಷ್ಟಕವನ್ನು ಮಾತ್ರ ಮುಂದೆ ಬಿಡುತ್ತದೆ.

ಪೂರ್ಣಾಂಕಗಳಷ್ಟೇ ಇರುವ ಮಿಲಿಮೀಟರ್ ಕಡತವನ್ನು ಸಿಎಸ್‌ವಿ ರೀಡರ್ ಪೂರ್ಣಾಂಕದ ಕಾಲಮ್ ಎಂದೇ ಓದುತ್ತದೆ, ಗುಣಿಸಿ ಬಂದ ಕಾಲಮ್ ಮಾತ್ರ ದಶಮಾಂಶದ್ದು. ಎರಡೂ ಒಂದೇ ಬಗೆಯಾಗಲೆಂದು ಮಿಲಿಮೀಟರಿನ ಕವಲಿನಲ್ಲಿಯೂ ದಶಮಾಂಶಕ್ಕೆ ಬದಲಿಸಿಯೇ, ಒಂದೊಂದಾಗಿ ಬರುವ ಕಡತಗಳ ಸಾಲುಗಳನ್ನು ಒಟ್ಟುಗೂಡಿಸುವ ಲೂಪ್ ಎಂಡ್‌ಗೆ ಕಳಿಸುತ್ತಿದ್ದೇನೆ.

ಮುಂದಿನ ಹಂತದಲ್ಲಿ ಹವಾಮಾನ ಇಲಾಖೆಯ ವರ್ಗೀಕರಣ ಸೇರಲಿದೆ: 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ಇದು ಸಾಲುಸಾಲಿನ ತೀರ್ಮಾನವಾದ್ದರಿಂದ ಕವಲು ಬೇಡ, ರೂಲ್ ಎಂಜಿನ್ ಒಂದೇ ಸಾಕು.