ಚಾರ್ಮಾಡಿ ಹತ್ತುವಾಗ ಉಸಿರು ಕಟ್ಟಿದ ಗಾಡಿ

ಹೋದ ಮಳೆಗಾಲದಲ್ಲಿ ಅಮ್ಮನ್ನ ಬೈಕಲ್ಲಿ ಕೂರಿಸ್ಕೊಂಡು ಉಜಿರೆಗೆ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮೂಡಿಗೆರೆಯಿಂದ ಇಳಿಯುವಾಗ ಬಿಸಿಲಿತ್ತು, ಗಾಡಿ ಚಿನ್ನದಂಗೆ ಓಡ್ತು. ವಾಪಸ್ ಹೊರಡೋ ಹೊತ್ತಿಗೆ ಮಧ್ಯಾಹ್ನ ಮೂರೂವರೆ, ಮಳೆ ಹಿಡ್ಕೊಂಡಿತ್ತು. ದಾರೀಲಿ ಒಂದು ಬಂಕಲ್ಲಿ ಫುಲ್ ಟ್ಯಾಂಕ್ ಹಾಕಿಸ್ದೆ. ಅದರ ಹಿಂದಿನ ವರ್ಷ ಟ್ಯಾಂಕಿಗೆ ನೀರು ಇಳಿದು ಎರಡು ದಿನ ಒದ್ದಾಡಿದ್ದೆ, ಆ ಭಯಕ್ಕೆ ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಕಿ ಸುತ್ತ ಇನ್ಸುಲೇಶನ್ ಟೇಪ್ ಎಳೆದು ಬಿಗಿಯಾಗಿ ಅಂಟಿಸಿದೆ. ಒಂದು ಹನೀನೂ ಒಳಗೆ ಹೋಗಬಾರ್ದು ಅಂತ.

ಮುಂಡಾಜೆ, ಕಕ್ಕಿಂಜೆ ದಾಟೋವರೆಗೂ ಏನೂ ಗೊತ್ತಾಗ್ಲಿಲ್ಲ. ಚೆಕ್‌ಪೋಸ್ಟ್ ಬಿಟ್ಟು ಘಾಟಿ ಏರು ಸುಮಾರು ಮೂರು ಕಿಲೋಮೀಟರ್ ಹತ್ತಿದ್ದೀವಿ, ಮೂರನೇ ಗೇರಲ್ಲಿ ಆಕ್ಸಿಲೇಟರ್ ತಿರುಗಿಸಿದ್ರೆ ಗಾಡಿ ಎಳೀತಾನೇ ಇಲ್ಲ, ಎರಡಕ್ಕೆ ಇಳಿಸ್ದೆ, ಒಂದಕ್ಕೆ ಇಳಿಸ್ದೆ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂಗೆ ಸ್ಪೀಡ್ ಇಳೀತಾ ಇಳೀತಾ ಕೊನೆಗೆ ಬುಕ್ ಬುಕ್ ಅಂದು ನಿಂತೇಹೋಯ್ತು. ಮಂಜು ಬೇರೆ, ಹಿಂದಿನ ಗಾಡಿಗೆ ನಾವು ಕಾಣೋದೇ ಕಷ್ಟ. ತಿರುವಿಂದ ಆಚೆ ತಳ್ಳಿ, ಇಂಡಿಕೇಟರ್ ಹಾಕಿ, ಅಮ್ಮನ್ನ ತಡೆಗೋಡೆ ಪಕ್ಕ ಕೊಡೆ ಕೊಟ್ಟು ನಿಲ್ಲಿಸ್ದೆ. 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಈ ರಸ್ತೇನೇ ಮುಚ್ಚಿದ್ರಲ್ಲ, ಅಂಥ ಜಾಗದಲ್ಲಿ ಅರವತ್ತು ದಾಟಿದ ಹೆಂಗಸನ್ನ ಮಳೇಲಿ ನಿಲ್ಲಿಸ್ಕೊಂಡಿದ್ದೀನಲ್ಲ ಅಂತ ಎದೆ ಹೊಡ್ಕೊಳ್ತಿತ್ತು.

ಮೊದ್ಲು ಹಿಂದಿನ ಚಕ್ರದ ಡ್ರಮ್ ಮುಟ್ಟಿ ನೋಡ್ದೆ, ಬ್ರೇಕ್ ಹಿಡ್ಕೊಂಡಿದ್ರೆ ಬಿಸಿ ಇರತ್ತೆ, ಇರ್ಲಿಲ್ಲ. ಕ್ಲಚ್ ಜಾರ್ತಿದ್ರೆ ಇಂಜಿನ್ ಕಿರುಚತ್ತೆ ಗಾಡಿ ಹೋಗಲ್ಲ, ಇಲ್ಲಿ ಇಂಜಿನ್ನೇ ಸೊರಗ್ತಿತ್ತು, ಸೋ ಅದೂ ಅಲ್ಲ. ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲೀನ ರಿಸರ್ವಿಗೆ ತಿರುಗಿಸಿದ್ರೂ ವ್ಯತ್ಯಾಸ ಇಲ್ಲ. ಇಂಜಿನ್ನಲ್ಲಿ ಕಿಡಿ ಹೊತ್ತಿಸೋ ಪ್ಲಗ್ ಬಿಚ್ಚಿದೆ, ಅದೇ ನನಗೆ ಸಿಕ್ಕಿದ ಮೊದಲ ಸುಳಿವು. ಅಷ್ಟು ಹೊತ್ತು ಕಿಕ್ ಹೊಡೆದಿದ್ದಕ್ಕೆ ಪ್ಲಗ್ ಪೆಟ್ರೋಲಲ್ಲಿ ಒದ್ದೆ ಆಗಿರ್ಬೇಕಿತ್ತು, ಆದ್ರೆ ಒಣಕಲು, ತುದಿ ಬೆಳ್ಳಗೆ. ಅಂದ್ರೆ ಪೆಟ್ರೋಲ್ ಬರ್ತಿಲ್ಲ. ಪ್ಲಗ್ ಹಾಕಿ ಕಿಕ್ ಹೊಡೆದ್ರೆ ಸ್ಟಾರ್ಟ್ ಆಗ್ಬಿಡ್ತು! ಹದಿನೈದು ನಿಮಿಷ ನಿಂತಿದ್ವಿ ಅಷ್ಟೆ. ಖುಷಿಯಾಗಿ ಹತ್ತಿದ್ವಿ, ಎರಡು ಕಿಲೋಮೀಟರ್ ಹೋಗೋಷ್ಟರಲ್ಲಿ ಮತ್ತೆ ಅದೇ ಕಥೆ.

ಬಂಕಿನವರ ಮೇಲೆ ಕೋಪ ಬಂತು, ಪೆಟ್ರೋಲ್ ಹಾಕಿಸಿದ ಮೇಲೇ ತಾನೆ ಶುರುವಾಗಿದ್ದು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಖಾಲಿ ನೀರಿನ ಬಾಟ್ಲಿಗೆ ಹಿಡಿದೆ. ನೀರಿದ್ರೆ ತಳದಲ್ಲಿ ಬೇರೆ ಪದರ ಆಗಿ ಕೂರತ್ತೆ. ಒಂದ್ ಹನಿ ನೀರಿಲ್ಲ, ಪೆಟ್ರೋಲ್ ತಿಳಿಯಾಗಿತ್ತು. ಸುಮ್ಮನೆ ಬೈಕೊಂಡೆ ಅವರನ್ನ ಅಂತ ಬೇಜಾರಾಯ್ತು. ಆದ್ರೆ ನೋಡ್ತಾ ಇದ್ದಂಗೆ ಸಣ್ಣಗೆ ಬರ್ತಿದ್ದ ಧಾರೆ ಹನಿ ಹನಿ ಆಗಿ ನಿಂತ್ಹೋಯ್ತು. ಫುಲ್ ಟ್ಯಾಂಕ್ ಇದೆ, ನಲ್ಲಿ ಆನ್ ಇದೆ, ಆದ್ರೂ ಕೆಳಗೆ ಇಳೀತಿಲ್ಲ. ಪೈಪೇ ಕಿತ್ತು ನೋಡಿದ್ರೂ ಹಂಗೇ. ಹತ್ತು ಹದಿನೈದು ನಿಮಿಷ ಬಿಟ್ರೆ ಸರಿಹೋಗತ್ತೆ, ಸ್ವಲ್ಪ ದೂರ ಓಡಿದ್ರೆ ಸಾಯತ್ತೆ. ಕಸ ಕಟ್ಕೊಂಡಿದ್ರೆ ಕಾಯೋದ್ರಿಂದ ಯಾಕ್ ಸರಿಹೋಗ್ಬೇಕು?

ಆಗ ಕಣ್ಣಿಗೆ ಬಿತ್ತು ಆ ಟೇಪು. ಅಮ್ಮ ಕೊಡೆ ಹಿಡಿದ್ರು, ಟೇಪ್ ಕಿತ್ತು ಬೀಗ ತಿರುಗಿಸ್ದೆ, ಮುಚ್ಚಳ ಎತ್ತಿದ್ದೇ ತಡ ಸೊಂಯ್ ಅಂತ ಗಾಳಿ ಒಳಗೆ ಎಳ್ಕೊಳ್ತು, ಕೆಳಗೆ ಪೈಪಿಂದ ಭರ್ರಂತ ಪೆಟ್ರೋಲ್. ಓಡಿಹೋಗಿ ನಲ್ಲಿ ಆಫ್ ಮಾಡ್ದೆ.

ಮುಚ್ಚಳದಲ್ಲಿ ಒಂದು ಸಣ್ಣ ಗಾಳಿ ತೂತು ಇರತ್ತೆ. ಪೆಟ್ರೋಲ್ ಎಷ್ಟು ಇಳಿಯತ್ತೋ ಅಷ್ಟು ಗಾಳಿ ಅದರಿಂದ ಒಳಗೆ ಹೋಗ್ಬೇಕು, ಇಲ್ಲಾಂದ್ರೆ ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲನ್ನ ಹಿಡ್ಕೊಂಡುಬಿಡತ್ತೆ. ಟ್ಯಾಂಕ್ ತುಂಬಿದ್ದಷ್ಟೂ ಒಳಗೆ ಗಾಳಿಗೆ ಜಾಗ ಕಮ್ಮಿ, ಅದಕ್ಕೇ ಬೇಗ ಬಿಗಿಯತ್ತೆ. ಏರು ಹತ್ತುವಾಗ ಇಂಜಿನ್ ಜಾಸ್ತಿ ಕೇಳತ್ತೆ, ಸಿಗಲ್ಲ. ನಿಂತಾಗ ಟೇಪಿನ ಸಂದೀಲಿ ನಿಧಾನಕ್ಕೆ ಗಾಳಿ ಹೋಗಿ ಮತ್ತೆ ಜೀವ. ಅಮ್ಮನಿಗೆ ಹೇಳಿದ್ದಕ್ಕೆ, "ಅಯ್ಯೋ, ಎಣ್ಣೆ ಡಬ್ಬಕ್ಕೆ ಎರಡು ಕಡೆ ತೂತು ಹೊಡೆಯಲ್ವಾ, ಹಂಗೇ" ಅಂದ್ರು. ಇಷ್ಟು ವರ್ಷ ಗಾಡಿ ಓಡಿಸ್ತಿರೋ ನನಗಿಂತ ಬೇಗ ಅರ್ಥ ಆಯ್ತು ಅವರಿಗೆ.

ನನ್ನದು ಹಳೇ ಕಾರ್ಬುರೇಟರ್ ಗಾಡಿ. 2020ರಲ್ಲಿ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ ಮೇಲಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಮೊದ್ಲು ಮೀಟರಲ್ಲಿ ಇಂಜಿನ್ ಲೈಟ್ ಹತ್ತಿದ್ಯಾ ನೋಡ್ಬೇಕು, ಅಲ್ಲಿ ಪಂಪು, ಸೆನ್ಸರ್ ಅಂತ ಬೇರೆ ದಾರಿಗಳಿವೆ. ಆದ್ರೆ ನಿಮ್ಮದೂ ನನ್ನಂಥ ಗಾಡಿ ಆಗಿದ್ದು, ಓಡ್ತಾ ಓಡ್ತಾ ಸೊರಗಿ ಸ್ವಲ್ಪ ಹೊತ್ತಿಗೆ ಸರಿಹೋಗ್ತಿದ್ರೆ, ದಯವಿಟ್ಟು ಕಾರ್ಬುರೇಟರ್ ಬಿಚ್ಚೋ ಮೊದ್ಲು ಮುಚ್ಚಳ ಒಂದ್ಸಲ ತೆಗೆದು ಹಾಕಿ ಓಡಿಸಿ ನೋಡಿ.

ಆಮೇಲೆ ಕೊಟ್ಟಿಗೆಹಾರದವರೆಗೂ ಎಲ್ಲೂ ನಿಲ್ಲಲಿಲ್ಲ. ಅಲ್ಲಿ ಬಿಸಿ ಬಿಸಿ ನೀರ್ ದೋಸೆ ತಿನ್ನುವಾಗ ಅಮ್ಮನ ಕೈ ಇನ್ನೂ ಚಳಿಗೆ ನಡುಗ್ತಿತ್ತು, ನನ್ನ ಜರ್ಕಿನ್ ಬಿಚ್ಚಿ ಹೊದಿಸ್ದೆ. ಈಗಲೂ ಮಳೇಲಿ ಪ್ಲಾಸ್ಟಿಕ್ ಹಾಕ್ತೀನಿ, ಟೇಪ್ ಇಲ್ಲದೆ, ಸಡಿಲವಾಗಿ.